ವೈಟ್‌ಫೀಲ್ಡ್‌ನ ಮೊದಲ ಹೆಸರು ಡೇವಿಡ್

1/12
ಎಲೆಕ್ಟ್ರಾನಿಕ್ ಸಿಟಿಗೆ ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳಲ್ಲ, ಹೆಸರೇ ಉತ್ತರ ಕೊಡುತ್ತೆ. ಪೀಣ್ಯ ಅನ್ನೋದು ಫ್ಯಾಕ್ಟರಿಗಳು ಬರೋಕೆ ಮುಂಚೆಯೇ ಅಲ್ಲಿದ್ದ ಹಳ್ಳಿಯ ಹೆಸರು. ಆದರೆ ವೈಟ್‌ಫೀಲ್ಡ್?

ನಮ್ಮ ಕಡೆ ಇದಕ್ಕೆ ಥರಾವರಿ ಉತ್ತರ ಸಿಗುತ್ತೆ. ಬಿಳಿ ಹೂವಿನ ಹೊಲ ಇತ್ತಂತೆ ಅಂತಾರೆ ಒಬ್ಬರು. ಬಿಳಿಯರು ಇದ್ರು, ಅದಕ್ಕೇ ವೈಟ್ ಅಂತಾರೆ ಇನ್ನೊಬ್ಬರು. ಎರಡೂ ಅಲ್ಲ. ವೈಟ್ ಅನ್ನೋದು ಇಲ್ಲಿ ಬಣ್ಣ ಅಲ್ಲ, ಒಬ್ಬ ಮನುಷ್ಯನ ಸರ್‌ನೇಮ್. ಪೂರ್ತಿ ಹೆಸರು ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಅಸೋಸಿಯೇಷನ್‌ನ ನಾಯಕ.

ಸರ್‌ನೇಮ್ ಬೋರ್ಡ್ ಮೇಲೆ ಉಳೀತು, ಮೆಟ್ರೋ ಅನೌನ್ಸ್‌ಮೆಂಟ್‌ನಲ್ಲಿ ಉಳೀತು, ಬಾಡಿಗೆ ಜಾಹೀರಾತಿನಲ್ಲಿ ಉಳೀತು. ಅಮ್ಮ ಅಪ್ಪ ಕರೆದ ಹೆಸರು ಮಾತ್ರ ಮರೆತುಹೋಯ್ತು. ಈ ಸರಣಿ ಆ ಮೊದಲ ಹೆಸರಿನ ಬಗ್ಗೆ. ಡೇವಿಡ್, ದಾವೀದ, ದಾವೂದ್: ಒಂದೇ ಹೀಬ್ರೂ ಹೆಸರು, ಸುಮಾರು 3,000 ವರ್ಷದ ಪ್ರಯಾಣ, ಅದರಲ್ಲಿ ಕಲಬುರಗಿ, ಬಳ್ಳಾರಿ, ಶ್ರೀರಂಗಪಟ್ಟಣ, ನಮ್ಮ ವೈಟ್‌ಫೀಲ್ಡ್ ಎಲ್ಲಾ ಸ್ಟಾಪ್‌ಗಳೂ ಇವೆ. ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

2/12
ಮೊದಲು ಅರ್ಥ.

ಹೀಬ್ರೂ ಲಿಪಿಯಲ್ಲಿ ಸಾಮಾನ್ಯವಾಗಿ ಸ್ವರಗಳನ್ನ ಬರೆಯಲ್ಲ, ವ್ಯಂಜನ ಮಾತ್ರ. ಹಳೆಯ ಬರವಣಿಗೆಯಲ್ಲಿ ಈ ಹೆಸರಿಗೆ ಮೂರೇ ಅಕ್ಷರ: ದ, ವ, ದ. ಎಡದಿಂದ ಓದಿ, ಬಲದಿಂದ ಓದಿ, ಅದೇ. ನಮ್ಮ ‘ವಿಕಟಕವಿ’ ಥರ.

ಇದೇ ಮೂರು ಅಕ್ಷರದಲ್ಲಿ ಬರೆಯೋ ಇನ್ನೊಂದು ಹೀಬ್ರೂ ಪದ ‘ದೋದ್’. ಅದಕ್ಕೆ ಪ್ರೀತಿಪಾತ್ರ, ಮುದ್ದಿನವನು ಅಂತ ಅರ್ಥ. ಹಾಗಾಗಿ ದಾವೀದ್ ಅಂದ್ರೆ ‘ಪ್ರೀತಿಪಾತ್ರ’ ಅಂತಲೇ ಸಾಮಾನ್ಯವಾಗಿ ವಿವರಿಸ್ತಾರೆ. ದೋದ್‌ಗೆ ಅಪ್ಪನ ಅಣ್ಣ ತಮ್ಮ ಅನ್ನೋ ಅರ್ಥವೂ ಇದೆ. ತಕ್ಷಣ ‘ದೊಡ್ಡಪ್ಪ’ ನೆನಪಾಯ್ತಾ? ನಿಲ್ಲಿ. ನಮ್ಮ ದೊಡ್ಡಪ್ಪ ಬಂದಿರೋದು ‘ದೊಡ್ಡ’ ಅನ್ನೋ ಅಪ್ಪಟ ದ್ರಾವಿಡ ಪದದಿಂದ. ಎರಡಕ್ಕೂ ಸಂಬಂಧ ಇಲ್ಲ, ಕೇಳೋಕೆ ಹತ್ತಿರ ಅಷ್ಟೇ. ರಾಹುಲ್ ದ್ರಾವಿಡ್‌ಗೂ ಡೇವಿಡ್‌ಗೂ ಎಷ್ಟು ಸಂಬಂಧವೋ ಅಷ್ಟೇ. ಹೆಸರಿನ ಇತಿಹಾಸ ಓದೋವಾಗ ಇದೇ ಮೊದಲ ಪಾಠ: ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತನ ಆಗಲ್ಲ.

ಅರ್ಥದ ನೆಂಟ ಮಾತ್ರ ಕನ್ನಡದಲ್ಲೇ ಇದ್ದಾನೆ. ‘ಶ್ರೀರಾಮಾಶ್ವಮೇಧಂ’ ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪ ನಮಗೆಲ್ಲ ಗೊತ್ತಿರೋದು ಮುದ್ದಣ ಅಂತ. ತಾಯಿ ಮುದ್ದಿನಿಂದ ಕರೀತಿದ್ದ ಹೆಸರೇ ಕಾವ್ಯನಾಮ ಆಯ್ತು ಅಂತಾರೆ. ‘ದಾವೀದ’ನ್ನ ಕನ್ನಡಕ್ಕೆ ಅನುವಾದ ಮಾಡು ಅಂತ ಯಾರಾದ್ರೂ ಕೇಳಿದ್ರೆ, ಮುದ್ದಣ ಅಂದುಬಿಡಬಹುದು.

3/12
ಮೊದಲ ದಾವೀದ ಯಾರು?

ಬೇತ್ಲೆಹೇಮ್ ಊರಿನ ಒಬ್ಬ ಅಪ್ಪನ ಕೊನೇ ಮಗ, ಕುರಿ ಕಾಯೋ ಹುಡುಗ. ಬೈಬಲ್ಲಿನ ಸಮುವೇಲನ ಪುಸ್ತಕದಲ್ಲಿ ಅವನ ಕಥೆ ಇದೆ. ಪ್ರವಾದಿ ಮನೆಗೆ ಬಂದು ಮುಂದಿನ ರಾಜ ಯಾರು ಅಂತ ಹುಡುಕ್ತಾನೆ, ಅಪ್ಪ ದೊಡ್ಡ ಮಕ್ಕಳನ್ನೆಲ್ಲ ಸಾಲಾಗಿ ತೋರಿಸ್ತಾನೆ, ಹೊಲದಲ್ಲಿರೋ ಚಿಕ್ಕವನನ್ನ ಕರೆಯೋಕೆ ಯಾರಿಗೂ ನೆನಪೇ ಆಗಲ್ಲ. ಆಯ್ಕೆಯಾಗೋದು ಅವನೇ. ಆಮೇಲೆ ಗೊಲ್ಯಾತನ ಕಥೆ: ಒಂದು ಕವಣೆ, ಹಳ್ಳದಿಂದ ಆರಿಸಿದ ಐದು ನುಣುಪು ಕಲ್ಲು, ಹಣೆಗೆ ಒಂದೇ ಏಟು. ಚಿಕ್ಕ ಟೀಮ್ ದೊಡ್ಡ ಟೀಮನ್ನ ಸೋಲಿಸಿದಾಗಲೆಲ್ಲ ಪೇಪರ್‌ನವರು ‘ಡೇವಿಡ್ ಮತ್ತು ಗೋಲಿಯಾತ್’ ಅನ್ನೋದು ಇದಕ್ಕೇ.

ಅವನು ರಾಜ ಆಗಿ 40 ವರ್ಷ ಆಳಿದ, ಯೆರೂಸಲೇಮನ್ನ ರಾಜಧಾನಿ ಮಾಡಿಕೊಂಡ ಅನ್ನುತ್ತೆ ಆ ಗ್ರಂಥ. ಅದೇ ಗ್ರಂಥ ಅವನ ತಪ್ಪನ್ನೂ ಮುಚ್ಚಿಡಲ್ಲ. ತನ್ನದೇ ಸೈನಿಕನ ಹೆಂಡತಿಯನ್ನ ಬಯಸಿ, ಆ ಸೈನಿಕ ಯುದ್ಧದಲ್ಲಿ ಸಾಯೋ ಹಾಗೆ ವ್ಯವಸ್ಥೆ ಮಾಡಿದ್ದನ್ನ ನೇರವಾಗಿ ಬರೆದಿದೆ. ಮುದ್ದಿನವನು ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಇದು ಬರೀ ಕಥೆಯಾ? 1993ರಲ್ಲಿ ಉತ್ತರ ಇಸ್ರೇಲ್‌ನ ಟೆಲ್ ದಾನ್ ಅನ್ನೋ ಜಾಗದಲ್ಲಿ ಒಂದು ಮುರಿದ ಕಪ್ಪು ಕಲ್ಲು ಸಿಕ್ತು, ಮುಂದಿನ ವರ್ಷ ಅದರ ಇನ್ನೆರಡು ಚೂರು ಸಿಕ್ಕವು. ಕ್ರಿಸ್ತಪೂರ್ವ 9ನೇ ಶತಮಾನದ ಅರಾಮಿಕ್ ಶಾಸನ. ಶತ್ರು ರಾಜನೊಬ್ಬ ತನ್ನ ಗೆಲುವನ್ನ ಕೊಚ್ಚಿಕೊಂಡಿರೋದು. ಅದರಲ್ಲಿ ‘ದಾವೀದನ ಮನೆ’ ಅನ್ನೋ ಮಾತಿದೆ ಅಂತ ಹೆಚ್ಚಿನ ವಿದ್ವಾಂಸರು ಓದ್ತಾರೆ. ಮನೆ ಅಂದ್ರೆ ಇಲ್ಲಿ ಮನೆತನ, ರಾಜವಂಶ. ನಮ್ಮ ಹಲ್ಮಿಡಿ ಶಾಸನ ಸುಮಾರು ಕ್ರಿಸ್ತಶಕ 450ರದ್ದು. ಅದಕ್ಕಿಂತ ಸುಮಾರು 1,300 ವರ್ಷ ಮುಂಚೆ ಈ ಹೆಸರು ಕಲ್ಲಿಗೆ ಹತ್ತಿತ್ತು.

ಇನ್ನೊಂದು ಕುತೂಹಲ: ಇಡೀ ಬೈಬಲ್ಲಿನಲ್ಲಿ ಈ ಹೆಸರಿನವನು ಅವನೊಬ್ಬನೇ. ಎರಡನೇ ದಾವೀದ ಇಲ್ಲವೇ ಇಲ್ಲ.

4/12
ಒಂದು ಹೆಸರು ಕನ್ನಡಕ್ಕೆ ಯಾವ ದಾರಿಯಲ್ಲಿ ಬಂತು ಅಂತ ಅದರ ಮೊದಲ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ.

ಹೀಬ್ರೂ ಮತ್ತು ಅರಬ್ಬಿಯಲ್ಲಿ ಈ ಹೆಸರಿನ ಮೊದಲ ಸದ್ದು ನಮ್ಮ ‘ದ’ ಥರ. ಹಾಗಾಗಿ ಕನ್ನಡ ಬೈಬಲ್ಲಿನಲ್ಲಿ ದಾವೀದ, ಮುಸ್ಲಿಮರಲ್ಲಿ ದಾವೂದ್. ಇಂಗ್ಲಿಷಿನ ಡಿ ಸದ್ದು ನಮ್ಮ ‘ದ’ವೂ ಅಲ್ಲ, ‘ಡ’ವೂ ಅಲ್ಲ, ನಡುವೆ ಎಲ್ಲೋ ಇದೆ. ಕನ್ನಡದ ಕಿವಿಗೆ ಅದು ‘ಡ’ ಹತ್ತಿರ ಕೇಳಿಸುತ್ತೆ. ಡಾಕ್ಟರ್, ಡ್ರೈವರ್, ಡಿಗ್ರಿ ಆದ ಹಾಗೆ ಡೇವಿಡ್ ಆಯ್ತು.

ಅಂದ್ರೆ ‘ದ’ ಇದ್ರೆ ಪಶ್ಚಿಮ ಏಷ್ಯಾದ ಭಾಷೆಗಳಿಂದ, ಗ್ರಂಥದ ಮೂಲಕ ಬಂದಿದ್ದು. ‘ಡ’ ಇದ್ರೆ ಲಂಡನ್ ಸುತ್ತಿ ಹಡಗು ಹತ್ತಿ ಬಂದಿದ್ದು. ಒಂದೇ ಅಟೆಂಡೆನ್ಸ್ ಲಿಸ್ಟಿನಲ್ಲಿ ಒಬ್ಬ ದಾವೂದ್, ಒಬ್ಬ ಡೇವಿಡ್ ಇದ್ರೆ ಇಬ್ಬರ ಹೆಸರೂ ಒಂದೇ. ದಾರಿ ಮಾತ್ರ ಬೇರೆ.

ಹೀಗೆ ಜೋಡಿ ಆಗೋ ಹೆಸರು ಇನ್ನೂ ಇವೆ. ಜೋಸೆಫ್ ಮತ್ತು ಯೂಸುಫ್. ಅಬ್ರಹಾಂ ಮತ್ತು ಇಬ್ರಾಹಿಂ. ಜೇಕಬ್ ಮತ್ತು ಯಾಕೂಬ್. ಮೇರಿ ಮತ್ತು ಮರಿಯಂ. ನಿಮ್ಮ ಕ್ಲಾಸಿನ ಲಿಸ್ಟ್ ತೆಗೆದು ನೋಡಿ, ಒಂದು ಜೋಡಿಯಾದ್ರೂ ಸಿಕ್ಕೇ ಸಿಗುತ್ತೆ.

5/12
ಕರ್ನಾಟಕದಲ್ಲಿ ಈ ಹೆಸರು ಸಿಂಹಾಸನ ಹತ್ತಿದ್ದು ಬ್ರಿಟಿಷರು ಬರೋಕೆ ಎಷ್ಟೋ ಮುಂಚೆ. ಜಾಗ ಕಲಬುರಗಿ, ವರ್ಷ 1378.

ಆಗ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿ. ವಿಜಯನಗರದ ಮೇಲೆ ದಂಡೆತ್ತಿ ಹೋಗಿದ್ದ ಸುಲ್ತಾನ ಮುಜಾಹಿದ್ ಶಾಹ ಕೊಲೆಯಾದ. ಆ ಸಂಚಿನ ಹಿಂದೆ ಇದ್ದವನು ಅವನ ಸಂಬಂಧಿಯೇ ಆದ ದಾವೂದ್. ಮುಜಾಹಿದ್ ಜಾಗದಲ್ಲಿ ದಾವೂದ್ ಶಾಹ ಸುಲ್ತಾನ ಆದ. ಎಷ್ಟು ದಿನ? ಸುಮಾರು ಒಂದು ತಿಂಗಳು. ಅಷ್ಟರಲ್ಲಿ ಅವನನ್ನೂ ಕೊಂದರು.

ಕಲಬುರಗಿಯ ಹಫ್ತ್ ಗುಂಬಜ್‌ಗೆ ಹೋದ್ರೆ ಬಹಮನಿ ಸುಲ್ತಾನರ ಗೋರಿಗಳಿವೆ. ಹಫ್ತ್ ಅಂದ್ರೆ ಪಾರ್ಸಿಯಲ್ಲಿ ಏಳು. ಕೊಲೆಯಾದ ಮುಜಾಹಿದ್, ಕೊಲ್ಲಿಸಿದ ದಾವೂದ್, ಇಬ್ಬರ ಗೋರಿಯೂ ಅದೇ ಆವರಣದಲ್ಲಿವೆ.

‘ಪ್ರೀತಿಪಾತ್ರ’ ಅನ್ನೋ ಹೆಸರಿಟ್ಟುಕೊಂಡವನ ಆಳ್ವಿಕೆ ಹೀಗೆ ಮುಗೀತು. ಹೆಸರು ಆಶೀರ್ವಾದ ಅಷ್ಟೇ. ಅದು ಗ್ಯಾರಂಟಿ ಕಾರ್ಡ್ ಅಲ್ಲ.

6/12
ಈ ಪೋಸ್ಟ್ ಪೀಣ್ಯದ ಫ್ರೆಂಡ್ಸ್‌ಗೆ.

ಕುರಾನಿನಲ್ಲಿ ದಾವೂದ್ ಒಬ್ಬ ಪ್ರವಾದಿ ಮತ್ತು ರಾಜ. ಅವನಿಗೆ ಕೊಟ್ಟ ಗ್ರಂಥದ ಹೆಸರು ಜಬೂರ್. ಅವನು ದೇವರನ್ನ ಸ್ತುತಿಸಿದಾಗ ಬೆಟ್ಟಗಳೂ ಹಕ್ಕಿಗಳೂ ದನಿಗೂಡಿಸ್ತಿದ್ದವು ಅನ್ನೋ ಮಾತು 34ನೇ ಅಧ್ಯಾಯದಲ್ಲಿ ಬರುತ್ತೆ. ಅಲ್ಲೇ ಇನ್ನೊಂದು ವಿಷಯ ಇದೆ: ದೇವರು ಅವನಿಗೆ ಕಬ್ಬಿಣವನ್ನ ಮೆತ್ತಗೆ ಮಾಡಿಕೊಟ್ಟ, ಅವನು ಅದರಿಂದ ಯುದ್ಧದ ಕವಚ ಮಾಡಿದ, ಕೊಂಡಿಗಳ ಅಳತೆ ಸರಿಯಾಗಿರಬೇಕು ಅಂತ ಅವನಿಗೆ ಸೂಚನೆಯೂ ಇತ್ತು.

ಅಂದ್ರೆ ರಾಜ, ಪ್ರವಾದಿ, ಹಾಡುಗಾರ, ಅದರ ಜೊತೆಗೆ ಲೋಹದ ಕೆಲಸಗಾರ. ಸಂಬಂಧ ಇರೋದು ಅಳತೆಯಲ್ಲಿ. ಲೇತ್ ಮುಂದೆ ನಿಂತು ಮೈಕ್ರೋಮೀಟರ್ ಹಿಡಿಯೋ ಯಾರಿಗಾದ್ರೂ ಕೊಂಡಿಯ ಅಳತೆ ಮಾತು ತಕ್ಷಣ ಅರ್ಥ ಆಗುತ್ತೆ. ಒಂದು ಕೊಂಡಿ ದೊಡ್ಡದಾದ್ರೆ ಕವಚಕ್ಕೆ ತೂತು, ಒಂದು ಚಿಕ್ಕದಾದ್ರೆ ಪೂರ್ತಿ ಬಿಗಿ. ರಿಜೆಕ್ಷನ್ ಅನ್ನೋದು ಆಗಲೂ ಇತ್ತು!

ಯಹೂದಿ ಮತ್ತು ಕ್ರೈಸ್ತ ಪರಂಪರೆಯಲ್ಲಿ ದಾವೀದ ಅಂದ್ರೆ ಮೊದಲು ನೆನಪಾಗೋದು ಹಾಡು. ಬೈಬಲ್ಲಿನಲ್ಲಿ 150 ಭಕ್ತಿಗೀತೆಗಳ ಒಂದು ಪುಸ್ತಕ ಇದೆ, ಅದರಲ್ಲಿ ಬಹಳಷ್ಟನ್ನ ಅವನ ಹೆಸರಿಗೆ ಹೇಳ್ತಾರೆ. ಆ ಪುಸ್ತಕಕ್ಕೆ ಕನ್ನಡ ಬೈಬಲ್ ಕೊಟ್ಟ ಹೆಸರು ‘ಕೀರ್ತನೆಗಳು’. ಪುರಂದರದಾಸರು, ಕನಕದಾಸರು ಬರೆದದ್ದಕ್ಕೆ ನಾವು ಬಳಸೋ ಅದೇ ಪದ. ಅನುವಾದಕರು ಹೊಸ ಪದ ಕಟ್ಟೋಕೆ ಹೋಗಲಿಲ್ಲ, ಊರಲ್ಲಿ ಆಗಲೇ ಇದ್ದ ಪದ ತಗೊಂಡ್ರು. ಆ ಒಂದು ಪದದಲ್ಲಿ ಕುರಿ ಕಾಯ್ತಿದ್ದ ದಾವೀದ, ಕುರುಬ ಮನೆತನದ ಕನಕ ಇಬ್ಬರೂ ಒಂದೇ ಕಪಾಟಿಗೆ ಬಂದ್ರು.

7/12
ಈಗ ಬಳ್ಳಾರಿ.

ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲ್ಲನ್ನ ಕನ್ನಡಕ್ಕೆ ತರೋ ಕೆಲಸಕ್ಕೆ ಕೈ ಹಾಕಿದ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು. ಅದೇ ಮಿಷನ್‌ನ ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಹೊರತಂದದ್ದು ಎಲ್ಲರಿಗೂ ಗೊತ್ತು. ಈ ಅನುವಾದ, ಅಚ್ಚುಮನೆ, ಶಾಲೆಗಳ ಮೂಲಕ ಹೀಬ್ರೂ ಹೆಸರುಗಳು ಕನ್ನಡದ ವಿಭಕ್ತಿ ಹಚ್ಚಿಕೊಂಡವು: ದಾವೀದನು, ದಾವೀದನನ್ನು, ದಾವೀದನಿಗೆ. ವಿಭಕ್ತಿ ಹತ್ತಿತು ಅಂದ್ರೆ ಆ ಪದ ನಮ್ಮದಾಯ್ತು ಅಂತಲೇ ಲೆಕ್ಕ.

ಬೆಂಗಳೂರು ಸುತ್ತಮುತ್ತಲ ಹಳ್ಳಿಗಳ ಹಳೆಯ ಕನ್ನಡ ಕ್ರೈಸ್ತ ಮನೆಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಜೋಸೆಫ್ ಅಲ್ಲಿ ಜೋಜಪ್ಪ. ಆಂಟನಿ ಅಂತೋಣಪ್ಪ. ಇಗ್ನೇಷಿಯಸ್ ಇನ್ನಾಸಪ್ಪ. ಕ್ಸೇವಿಯರ್ ಚೌರಪ್ಪ. ಈ ನಾಲ್ಕರಲ್ಲಿ ಹೀಬ್ರೂ ಮೂಲದ್ದು ಜೋಜಪ್ಪ ಒಂದೇ, ಆದರೆ ನಾಲ್ಕಕ್ಕೂ ‘ಅಪ್ಪ’ ಸೇರಿ ಊರಿನ ಮುನಿಯಪ್ಪ, ರಾಮಪ್ಪ, ತಿಮ್ಮಪ್ಪರ ಪಕ್ಕದಲ್ಲಿ ಆರಾಮಾಗಿ ಕೂತವು.

ಇಷ್ಟು ಗೊತ್ತಾದ ಮೇಲೆ, ಡೇವಿಡ್ ಅನ್ನೋ ಹೆಸರಿನವರನ್ನ ನೋಡಿದ ಕೂಡಲೇ ‘ಕನ್ನಡ ಬರುತ್ತಾ?’ ಅಂತ ಕೇಳೋ ನಮ್ಮ ಅಭ್ಯಾಸ ಎಷ್ಟು ವಿಚಿತ್ರ ಅನ್ನಿಸುತ್ತೆ ಅಲ್ವಾ? ಅವರ ಮನೆಯಲ್ಲಿ ನಾಲ್ಕೈದು ತಲೆಮಾರಿಂದ ಪ್ರಾರ್ಥನೆಯೇ ಕನ್ನಡದಲ್ಲಿ ನಡೀತಿರಬಹುದು. ಕೇಳಿದ ನಾವೇ ಮನೆಯಲ್ಲಿ ಇನ್ನೊಂದು ಭಾಷೆ ಮಾತಾಡ್ತಿರಬಹುದು!

8/12
ಶ್ರೀರಂಗಪಟ್ಟಣ, 1780ರಿಂದ 1799.

1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿ ಮತ್ತು ಟಿಪ್ಪು ಸೇನೆ ಕಂಪನಿ ಸೇನೆಯನ್ನ ಸೋಲಿಸಿತು. ಸೆರೆ ಸಿಕ್ಕವರಲ್ಲಿ ಒಬ್ಬ ಸ್ಕಾಟ್ಲೆಂಡಿನ ಯುವ ಅಧಿಕಾರಿ, ಹೆಸರು ಡೇವಿಡ್ ಬೇರ್ಡ್. ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ. ಕೈದಿಗಳನ್ನ ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆ ಅನ್ನೋ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಪಾಪ, ಅಂದಳಂತೆ. ಮಗ ಎಂಥ ಜಗಳಗಂಟ ಅಂತ ಹೆತ್ತವಳಿಗೆ ಗೊತ್ತಿತ್ತು!

1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ದಂಡಿನ ಮುಂದಾಳು ಅದೇ ಬೇರ್ಡ್. ಅವತ್ತೇ ಟಿಪ್ಪು ಸತ್ತ. ಆ ರಾತ್ರಿ ಟಿಪ್ಪುವಿನ ದೇಹ ಸಿಕ್ಕ ದೃಶ್ಯವನ್ನ 1839ರಲ್ಲಿ ದೊಡ್ಡ ಚಿತ್ರವಾಗಿ ಬರೆದವನ ಹೆಸರು ಏನು ಗೊತ್ತಾ? ಡೇವಿಡ್ ವಿಲ್ಕಿ. ಅವನೂ ಸ್ಕಾಟ್ಲೆಂಡಿನವನು.

ಸ್ಕಾಟ್ಲೆಂಡಿನಲ್ಲಿ ಇಷ್ಟೊಂದು ಡೇವಿಡ್‌ಗಳು ಯಾಕೆ? ಅಲ್ಲಿ 1124ರಿಂದ 1153ರವರೆಗೆ ಒಂದನೇ ಡೇವಿಡ್ ಅನ್ನೋ ರಾಜ ಆಳಿದ್ದ, ಆಮೇಲೆ ಎರಡನೆಯವನೂ ಬಂದ. ಪಕ್ಕದ ವೇಲ್ಸ್‌ಗೆ ಸಂತ ಡೇವಿಡ್ ನಾಡಿನ ಪಾಲಕ ಸಂತ, ಮಾರ್ಚ್ 1 ಅವನ ಹಬ್ಬ. ವೇಲ್ಸ್ ಭಾಷೆಯಲ್ಲಿ ಅವನು ದೇವಿ. ನಮ್ಮ ದೇವಿ ಅಲ್ಲ, ಮತ್ತೆ ಎರಡನೇ ಪೋಸ್ಟಿನ ಪಾಠ ನೆನಪಿಟ್ಕೊಳ್ಳಿ.

9/12
ಈಗ ನಮ್ಮ ವೈಟ್.

1881ರ ಮಾರ್ಚ್ 25ರಂದು, 50 ವರ್ಷ ಬ್ರಿಟಿಷರ ಕೈಯಲ್ಲಿದ್ದ ಮೈಸೂರಿನ ಆಡಳಿತ ಮತ್ತೆ ಒಡೆಯರಿಗೆ ಬಂತು. 10ನೇ ಚಾಮರಾಜ ಒಡೆಯರು ಅಧಿಕಾರ ವಹಿಸಿಕೊಂಡು ಒಂದು ವರ್ಷ ಆಗಿತ್ತಷ್ಟೇ. 1882ರಲ್ಲಿ ಅವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಅಸೋಸಿಯೇಷನ್‌ಗೆ ಸುಮಾರು 3,900 ಎಕರೆ ಜಮೀನು ಕೊಟ್ರು. ಉದ್ದೇಶ: ಆ ಸಮುದಾಯದವರು ಬಂದು ಬೇಸಾಯ ಮಾಡಿ ಬದುಕಲಿ.

ಯುರೇಷಿಯನ್ ಅಂದ್ರೆ ಯುರೋಪು ಮತ್ತು ಭಾರತ, ಎರಡೂ ಕಡೆ ರಕ್ತಸಂಬಂಧ ಇದ್ದವರು. 1911ರಿಂದ ಇವರಿಗೆ ಅಧಿಕೃತವಾಗಿ ಆಂಗ್ಲೋ ಇಂಡಿಯನ್ ಅನ್ನೋ ಹೆಸರು. ವೈಟ್ ಕೂಡ ಇದೇ ಸಮುದಾಯದವನು. ಅಂದ್ರೆ ವೈಟ್ ಅಂತ ಸರ್‌ನೇಮ್ ಇದ್ದ ಮನುಷ್ಯನನ್ನ ಆ ಕಾಲದ ಬಿಳಿಯರು ತಮ್ಮವನು ಅಂತ ಲೆಕ್ಕ ಹಿಡೀತಿರಲಿಲ್ಲ. ಇತ್ತ ಊರಿನವರಿಗೂ ಇವರು ಹೊರಗಿನವರೇ.

ಅವನ ಯೋಚನೆಯನ್ನ ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಸಮುದಾಯದ ಹೆಚ್ಚಿನವರ ಆದಾಯ ಬರ್ತಿದ್ದದ್ದು ರೈಲ್ವೆ, ಟೆಲಿಗ್ರಾಫ್, ಸರ್ಕಾರಿ ಕಚೇರಿ ಕೆಲಸದಿಂದ. ಒಂದೇ ಗಿರಾಕಿಯನ್ನ ನಂಬಿಕೊಂಡ ಅಂಗಡಿ ಥರ. ಆ ಗಿರಾಕಿ ಮುಖ ತಿರುಗಿಸಿದ್ರೆ ಅಂಗಡಿ ಮುಚ್ಚಬೇಕು. ವೈಟ್ ಹೇಳಿದ್ದು, ಸ್ವಂತ ಆಸ್ತಿ ಮಾಡ್ಕೊಳ್ಳಿ, ಸ್ವಂತ ಉತ್ಪಾದನೆ ಇರಲಿ, ಸರ್ಕಾರದ ಕಡೆ ನೋಡ್ತಾ ಕೂರಬೇಡಿ ಅನ್ನೋ ಅರ್ಥದ ಮಾತು.

ಊರಿನ ಪ್ಲಾನ್ ವೃತ್ತಾಕಾರ. ನಡುವೆ ಬಯಲು, ಸುತ್ತ ರಸ್ತೆ, ರಸ್ತೆಗೆ ಮುಖ ಮಾಡಿದ ತೋಟದ ಮನೆಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಅಂತ ಇವತ್ತಿಗೂ ಇರೋ ರಸ್ತೆಗಳು ಅದೇ ನಕ್ಷೆಯ ಗೆರೆಗಳು. ಗೂಗಲ್ ಮ್ಯಾಪ್ಸ್‌ನಲ್ಲಿ ಝೂಮ್ ಮಾಡಿ ನೋಡಿ, ಸುತ್ತಲಿನ ಅಪಾರ್ಟ್‌ಮೆಂಟ್ ಗೊಂದಲದ ನಡುವೆ ಆ ದುಂಡು ಆಕಾರ ಇನ್ನೂ ಕಾಣುತ್ತೆ.

10/12
ಪ್ಲಾನ್ ವರ್ಕೌಟ್ ಆಯ್ತಾ? ಅಂದುಕೊಂಡಷ್ಟು ಇಲ್ಲ.

ಕಚೇರಿ ಕೆಲಸ ಮಾಡಿದ ಕೈಗೆ ನೇಗಿಲು ಸುಲಭಕ್ಕೆ ಒಗ್ಗಲ್ಲ. ಈ ಕಡೆ ಹೊಳೆ ಇಲ್ಲ, ಕೆರೆ ಮತ್ತು ಮಳೆಯನ್ನೇ ನಂಬಬೇಕು. ಬಂದವರ ಸಂಖ್ಯೆ ಕಮ್ಮಿ. ದೊಡ್ಡ ಬೇಸಾಯದ ಕಾಲೊನಿ ಆಗಬೇಕಿದ್ದ ಜಾಗ ಪುಟ್ಟ, ಶಾಂತವಾದ ಹಳ್ಳಿಯಾಗಿ ಉಳೀತು. ಚರ್ಚು, ಹಣ್ಣಿನ ಮರ, ಹೆಂಚಿನ ಮನೆ, ಸಂಜೆ ವಾಕಿಂಗ್. 1947ರ ನಂತರ ದೇಶದ ತುಂಬ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಕಡೆ ಹೊರಟವು.

ಸಂವಿಧಾನದ 331ನೇ ವಿಧಿಯಲ್ಲಿ ಈ ಸಮುದಾಯಕ್ಕೆ ಲೋಕಸಭೆಯಲ್ಲಿ ಎರಡು ನಾಮನಿರ್ದೇಶನದ ಸ್ಥಾನ ಇತ್ತು, ವಿಧಾನಸಭೆಗಳಿಗೂ ಇಂಥ ಅವಕಾಶ ಇತ್ತು. 104ನೇ ತಿದ್ದುಪಡಿಯ ನಂತರ, 2020ರ ಜನವರಿಯಿಂದ ಅದು ನಿಂತಿತು.

1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು, ಅದರ ಹಿಂದೆ ಸಾಲು ಸಾಲು ಕಂಪನಿ. ಅಕ್ಕಪಕ್ಕದ ಹಳ್ಳಿಗಳೆಲ್ಲ ಅಡ್ರೆಸ್ಸಿನಲ್ಲಿ ವೈಟ್‌ಫೀಲ್ಡ್ ಅಂತ ಬರ್ಕೊಳ್ಳೋಕೆ ಶುರು ಮಾಡಿದ್ವು, ಯಾಕಂದ್ರೆ ಆ ಹೆಸರಿಗೆ ರೇಟ್ ಬಂತು. ಅಕೌಂಟೆನ್ಸಿಯಲ್ಲಿ ಇದಕ್ಕೆ ಗುಡ್‌ವಿಲ್ ಅಂತೀವಿ: ಕಣ್ಣಿಗೆ ಕಾಣಲ್ಲ, ಆದ್ರೆ ಬೆಲೆ ಇದೆ. ಬೇಸಾಯಕ್ಕೆ ಅಂತ ಕೊಟ್ಟ ನೆಲದಲ್ಲಿ ಕೊನೆಗೆ ಭರ್ಜರಿ ಫಸಲು ಕೊಟ್ಟಿದ್ದು ಹೆಸರೇ.

ಆದರೆ ಅದರ ಕೆಳಗೆ ಸಿಕ್ಕಿಕೊಂಡ ಹೆಸರುಗಳೂ ಇವೆ: ಪಟ್ಟಂದೂರು ಅಗ್ರಹಾರ, ಕಾಡುಗೋಡಿ, ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ. ವೈಟ್‌ಗಿಂತ ಮುಂಚೆ ಇದ್ದ ಊರುಗಳು ಇವು. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ಈ ಕಡೆಗೆ ಮೆಟ್ರೋ ಉದ್ಘಾಟನೆ ಆಯ್ತು. ಮಾರ್ಚ್ 25 ಅನ್ನೋ ತಾರೀಕು ಕಾಕತಾಳೀಯ, ಒಂಬತ್ತನೇ ಪೋಸ್ಟ್ ನೋಡಿ. ಕೊನೇ ಸ್ಟೇಷನ್ನಿನ ಬೋರ್ಡಿನಲ್ಲಿ ವೈಟ್‌ಫೀಲ್ಡ್ ಜೊತೆ ಕಾಡುಗೋಡಿಯೂ ಇದೆ, ಪಟ್ಟಂದೂರು ಅಗ್ರಹಾರಕ್ಕೂ ನಲ್ಲೂರಹಳ್ಳಿಗೂ ಸ್ವಂತ ಸ್ಟೇಷನ್ ಸಿಕ್ಕಿದೆ. ಯಾರ ಹೆಸರನ್ನೂ ಒರೆಸದೆ ಇನ್ನೊಬ್ಬರ ಹೆಸರು ಬರೆಯೋಕೆ ಆಗುತ್ತೆ ಅನ್ನೋಕೆ ಆ ಲೈನಿನ ಬೋರ್ಡುಗಳೇ ಸಾಕ್ಷಿ.

11/12
ಜನಪ್ರಿಯತೆ ಎಷ್ಟು?

ಅಮೆರಿಕದಲ್ಲಿ ಪ್ರತಿ ವರ್ಷ ಹುಟ್ಟಿದ ಮಕ್ಕಳ ಹೆಸರಿನ ಲೆಕ್ಕವನ್ನ ಸರ್ಕಾರವೇ ಪ್ರಕಟಿಸುತ್ತೆ. 1954ರಿಂದ 1998ರವರೆಗೆ ಗಂಡು ಮಕ್ಕಳ ಪಟ್ಟಿಯಲ್ಲಿ ಮೈಕಲ್ ಒಂದನೇ ಸ್ಥಾನ ಬಿಟ್ಟುಕೊಡಲೇ ಇಲ್ಲ, ಒಂದೇ ಒಂದು ವರ್ಷ ಬಿಟ್ಟು. ಆ ವರ್ಷ 1960, ಗೆದ್ದವನು ಡೇವಿಡ್. ಮೈಕಲ್ ಕೂಡ ಹೀಬ್ರೂ ಹೆಸರೇ, ‘ದೇವರಂತೆ ಯಾರಿದ್ದಾರೆ?’ ಅಂತ ಅರ್ಥ.

ಹೆಸರು ಹಳೆಯದಾದಾಗ ಸರ್‌ನೇಮ್ ಆಗುತ್ತೆ. ಡೇವಿಡನ ಮಗ ಡೇವಿಡ್‌ಸನ್. ಈಗ ಬುಲೆಟ್ ಬಿಟ್ಟು ಹಾರ್ಲೆ ಡೇವಿಡ್‌ಸನ್ ಕನಸು ಕಾಣೋರಿಗೆ ಗೊತ್ತಾಯ್ತಾ, ಟ್ಯಾಂಕ್ ಮೇಲೆ ಬರೆದಿರೋದು ‘ಮುದ್ದಣನ ಮಗ’ ಅಂತ! ಡೇವಿಸ್, ಡೇವೀಸ್ ಕೂಡ ಇದೇ ಕುಟುಂಬ. ಇಟಲಿಯ ಮೈಕೆಲೆಂಜೆಲೊ 1501ರಿಂದ 1504ರವರೆಗೆ ಕೆತ್ತಿದ 5 ಮೀಟರಿಗೂ ಎತ್ತರದ ಅಮೃತಶಿಲೆಯ ಪ್ರತಿಮೆ ಇದೆಯಲ್ಲ, ಅದೂ ಇದೇ ಕವಣೆ ಹುಡುಗ.

ಆರ್‌ಸಿಬಿ ವಿಷಯಕ್ಕೆ ಬನ್ನಿ. 2025ರ ಜೂನ್ 3ರಂದು ಕೊನೆಗೂ ಕಪ್ ನಮ್ದಾದಾಗ ತಂಡದಲ್ಲಿ ಟಿಮ್ ಡೇವಿಡ್ ಇದ್ದ, ಅಲ್ಲಿ ಈ ಹೆಸರು ಸರ್‌ನೇಮ್. ಅದಕ್ಕೂ ಮುಂಚೆ ಚಿನ್ನಸ್ವಾಮಿಯಲ್ಲಿ ವರ್ಷಗಟ್ಟಲೆ ನಾವು ಗಂಟಲು ಹರಿಯೋ ಹಾಗೆ ಕೂಗಿದ್ದು ಏನು? ಎಬಿಡಿ, ಎಬಿಡಿ. ಎ ಅಂದ್ರೆ ಅಬ್ರಹಾಂ, ಬಿ ಅಂದ್ರೆ ಬೆಂಜಮಿನ್. ಎರಡೂ ಹೀಬ್ರೂ. ಅಷ್ಟು ಜನ ಒಟ್ಟಿಗೆ ಎರಡು ಹೀಬ್ರೂ ಹೆಸರಿನ ಮೊದಲಕ್ಷರ ಕೂಗಿದಾಗ ಯಾರಿಗೂ ಅದು ಪರಕೀಯ ಅನ್ನಿಸಲಿಲ್ಲ. ನಮ್ಮ ಎಬಿ ಅಂದ್ವಿ, ಅಷ್ಟೇ.

12/12
ಕೊನೇ ಮಾತು, ಸ್ವಲ್ಪ ಸೀರಿಯಸ್.

1993ರ ಮುಂಬೈ ಸ್ಫೋಟಗಳ ನಂತರ ಒಬ್ಬ ಆರೋಪಿಯ ಹೆಸರಿನಿಂದಾಗಿ ‘ದಾವೂದ್’ ಅನ್ನೋದು ಸಿನಿಮಾ ವಿಲನ್ನಿನ ಹೆಸರಾಗಿಬಿಟ್ಟಿತು. ಇವತ್ತೂ ಕ್ಲಾಸಲ್ಲಿ ಆ ಹೆಸರಿನ ಹುಡುಗನಿಗೆ ‘ಏನ್ ಭಾಯ್’ ಅಂತ ತಮಾಷೆ ಮಾಡ್ತಾರೆ. ಮಾಡೋರಿಗೆ ಅದು ಒಂದು ಸಲದ ಜೋಕು, ಕೇಳೋನಿಗೆ ದಿನಾ ಬೀಳೋ ಏಟು. ಅದೇ ಹೆಸರು ‘ಡೇವಿಡ್’ ಅಂತ ಇದ್ರೆ ಸ್ಟೈಲಿಶ್, ಆದ್ರೆ ಕನ್ನಡದವನಲ್ಲ ಅನ್ನೋ ಅನುಮಾನ. ‘ದಾವೀದ’ ಅಂತ ಇದ್ರೆ ಹಳೇ ಕಾಲದ ಹೆಸರು ಅಂತ ನಗು. ಮೂರೂ ಒಂದೇ ಹೆಸರು ಅನ್ನೋದು ಈಗ ನಿಮಗೆ ಗೊತ್ತು. ಅದೇ ಮೂರು ಅಕ್ಷರ, ಅದೇ ಅರ್ಥ. ಯಾವುದೋ ಮನೆಯಲ್ಲಿ ಒಂದು ಮಗು ಹುಟ್ಟಿದಾಗ ಅದನ್ನ ಎತ್ತಿಕೊಂಡವರು ‘ನಮ್ಮ ಮುದ್ದು’ ಅಂತ ಕರೆದದ್ದು.

ಹೆಸರು ನಾವು ಆರಿಸಿಕೊಂಡದ್ದಲ್ಲ, ನಮಗೆ ಕೊಟ್ಟದ್ದು. ಬೇರೆಯವರು ಅದೇ ಹೆಸರಲ್ಲಿ ಮಾಡಿದ್ದಕ್ಕೆ ನಾವು ಲೆಕ್ಕ ಕೊಡಬೇಕಾಗಿಲ್ಲ. 1378ರ ದಾವೂದನ ಸಂಚಿಗೆ ವೈಟ್‌ಫೀಲ್ಡ್‌ನ ಡೇವಿಡ್ ಹೊಣೆ ಅಲ್ಲ, 1799ರ ಬೇರ್ಡ್ ಮಾಡಿದ್ದಕ್ಕೆ ಕೀರ್ತನೆ ಹಾಡಿದ ದಾವೀದ ಹೊಣೆ ಅಲ್ಲ. ಹಾಗೇ, ನಿಮ್ಮ ಪಕ್ಕದ ಬೆಂಚಿನವನೂ ಯಾರಿಗೂ ಹೊಣೆ ಅಲ್ಲ.

ಒಂದು ಕೆಲಸ ಮಾಡಿ. ಈ ವಾರ ನಿಮ್ಮ ಕ್ಲಾಸಿನ, ಇಲ್ಲಾ ನಿಮ್ಮ ಬೀದಿಯ ಒಬ್ಬರ ಹತ್ತಿರ ಅವರ ಹೆಸರಿನ ಅರ್ಥ ಏನು, ಯಾರು ಇಟ್ಟಿದ್ದು ಅಂತ ಕೇಳಿ. ‘ಯಾವ ಊರು’, ‘ಯಾವ ಜನ’ ಅಂತ ಕೇಳೋಕಿಂತ ಮುಂಚೆ ಇದನ್ನ ಕೇಳಿ. ಉತ್ತರ ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿಗೆ ಅದರಿಂದಲೇ ಒಂದು ಹೆಸರು ಆರಿಸ್ಕೊಳ್ತೀನಿ.

#ವೈಟ್‌ಫೀಲ್ಡ್ #ಕಾಡುಗೋಡಿ #ಪೀಣ್ಯ #ಹೆಸರಿನಹಿಂದೆ #ಕನ್ನಡಇತಿಹಾಸ #ದಾವೀದದಾವೂದ್‌ಡೇವಿಡ್